ಕಡಲ ದೈತ್ಯರ ಚಿತ್ರ ಅಚ್ಚು ಹಾಕಿಸುವ ಮುಂಚೆ: ಮಕ್ಕಳ ಪುಸ್ತಕ ಮಾಡುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಮಕ್ಕಳ ಪುಸ್ತಕ, ಶಾಲೆಯ ಗೋಡೆ ಚಾರ್ಟು ಮಾಡುವ ಎಲ್ಲ ಪ್ರಕಾಶಕರಿಗೆ ನಮಸ್ಕಾರ.

ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನಿಮ್ಮ ಹತ್ತಿರ ಒಂದು ಬೇಡಿಕೆ ಇದೆ, ಸ್ವಲ್ಪ ಜಗಳವೂ ಇದೆ. ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಗುಜರಾತಿನ ಕಛ್‌ನಲ್ಲಿ ಒಂದು ಇಕ್ತಿಯೋಸಾರ್‌ನ ಪಳೆಯುಳಿಕೆ ಸಿಕ್ಕಿದೆಯಲ್ಲ, ಡೈನೋಸಾರ್‌ಗಳ ಕಾಲದ ಆ ಕಡಲ ಸರೀಸೃಪ ಈಜುತ್ತಿದ್ದ ಕಡಲಿನ ಒಂದು ದೊಡ್ಡ ಚಿತ್ರ ಬರೆಸಿ. ನಮ್ಮ ಕಡೆಯ ಒಬ್ಬ ಕಲಾವಿದರಿಂದ, ಸರಿಯಾದ ದುಡ್ಡು ಕೊಟ್ಟು, ಅವರ ಹೆಸರು ಹಾಕಿ ಬರೆಸಿ. ಇಷ್ಟೇ.

ಇನ್ನು ಜಗಳ. ಈಚೆಗೆ ನಮ್ಮ ಶಾಲೆಯ ಲೈಬ್ರರಿಗೆ ಡೈನೋಸಾರ್‌ಗಳ ಬಗ್ಗೆ ಒಂದು ಪುಸ್ತಕ ಬಂತು. ಪ್ರಕಾಶಕರು ಯಾರು ಅಂತ ಹೇಳುವುದಿಲ್ಲ, ಹೇಳಿದರೆ ತಪ್ಪೆಲ್ಲ ಅವರೊಬ್ಬರದೇ ಅಂತಾಗುತ್ತದೆ. ದಪ್ಪ ಕಾಗದ, ಹೊಳೆಯುವ ಬಣ್ಣ, ಬೆಲೆಯೂ ಜಾಸ್ತಿ. ನಡುವಿನ ಎರಡು ಪುಟ ಪೂರ್ತಿ ಕಡಲು. ಅದರ ಮೇಲೆ 'ಸಮುದ್ರದ ಡೈನೋಸಾರ್‌ಗಳು' ಅಂತ ದೊಡ್ಡ ಅಕ್ಷರ. ಇಕ್ತಿಯೋಸಾರ್ ಆಗಲಿ, ಪ್ಲೀಸಿಯೋಸಾರ್ ಆಗಲಿ, ಮೊಸಸಾರ್ ಆಗಲಿ ಯಾವುದೂ ಡೈನೋಸಾರ್ ಅಲ್ಲ. ಇವು ನೆಲದಿಂದ ನೀರಿಗೆ ಮರಳಿದ ಬೇರೆ ಬೇರೆ ಸರೀಸೃಪಗಳ ವಂಶ. ಮೊಸಸಾರ್‌ಗಳಂತೂ ಉಡ, ಹಲ್ಲಿ, ಹಾವುಗಳ ಕಡೆಯ ನೆಂಟರು. ಸರಿ, ತಲೆಬರಹದ ತಪ್ಪು ಬಿಡೋಣ. ಚಿತ್ರದಲ್ಲಿ ಇವರೆಲ್ಲ ಮದುವೆ ಮನೆಯ ಗ್ರೂಪ್ ಫೋಟೋದಲ್ಲಿ ನಿಂತ ಹಾಗೆ ಒಟ್ಟಿಗೆ ನಿಂತಿದ್ದಾರೆ. ಇಕ್ತಿಯೋಸಾರ್‌ಗಳು ಅಳಿದದ್ದು ಸುಮಾರು 9 ಕೋಟಿ ವರ್ಷದ ಹಿಂದೆ. ಮೊಸಸಾರಸ್ ಎಂಬ ದೊಡ್ಡ ಪ್ರಾಣಿ ಬಂದದ್ದು ಅದಾಗಿ ಎಷ್ಟೋ ಲಕ್ಷ ವರ್ಷ ಕಳೆದ ಮೇಲೆ. ಒಂದರ ಮುಖ ಒಂದು ನೋಡಿಲ್ಲ. ಇಲ್ಲಿ ಮಾತ್ರ ಒಂದು ಇನ್ನೊಂದರ ಬಾಲ ಕಚ್ಚುತ್ತಿದೆ. ಉದ್ದ ಕತ್ತಿನ ಪ್ಲೀಸಿಯೋಸಾರ್‌ಗೆ ಮುಂದೆ ಎರಡು ಈಜುರೆಕ್ಕೆ, ಹಿಂದೆ ಎರಡು, ಹೊಟ್ಟೆಯ ಪಕ್ಕದಲ್ಲಿ ಸುಮ್ನೆ ಇನ್ನೊಂದು. ಇದನ್ನು ಎಣಿಸಿ ನನಗೆ ತೋರಿಸಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗ. ಚಿತ್ರ ಬರೆದವರು ಯಾರು ಅಂತ ಪುಸ್ತಕ ಪೂರ್ತಿ ಹುಡುಕಿದೆ. ಹೆಸರೇ ಇಲ್ಲ. ಕಂಪ್ಯೂಟರಿಗೆ ನಾಲ್ಕು ಪದ ಕೊಟ್ಟು ಬರಿಸಿದ ಚಿತ್ರ ಅಂತ ನನ್ನ ಅನುಮಾನ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ನಿಮಗೆ ಅನ್ನಿಸಬಹುದು. ನೋಡಿ, ಹುಲಿಯ ಚಿತ್ರ ತಪ್ಪಾಗಿದ್ದರೆ ಮಗು ಮೈಸೂರಿನ ಝೂಗೆ ಹೋದಾಗ ತಾನೇ ಸರಿಮಾಡಿಕೊಳ್ಳುತ್ತದೆ. ಇಕ್ತಿಯೋಸಾರ್‌ಗೆ ಆ ದಾರಿ ಇಲ್ಲ. ಅದನ್ನು ಜೀವಂತ ಕಂಡ ಮನುಷ್ಯ ಒಬ್ಬನೂ ಇಲ್ಲ, ಫೋಟೋ ಇಲ್ಲ, ವಿಡಿಯೋ ಇಲ್ಲ. ಮೂಳೆ ಇದೆ, ಅಪರೂಪಕ್ಕೆ ಚರ್ಮದ ಗುರುತು ಇದೆ. ಉಳಿದದ್ದೆಲ್ಲ ಚಿತ್ರ ಬರೆಯುವವರ ಕೈಯಲ್ಲಿದೆ. ಈ ಪ್ರಾಣಿಗಳ ವಿಷಯದಲ್ಲಿ ಚಿತ್ರ ಅಲಂಕಾರಕ್ಕೆ ಇರುವುದಲ್ಲ, ಪಾಠದ ಅರ್ಧ ಭಾಗ ಅದೇ. ಈ ಕಲೆಗೆ ಸುಮಾರು 200 ವರ್ಷದ ಇತಿಹಾಸವೂ ಇದೆ. ಅದನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನನ್ನ ಬೇಡಿಕೆ ಹುಟ್ಟಿದ್ದೇ ಅಲ್ಲಿಂದ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಡಾರ್ಸೆಟ್ ಸೀಮೆಯಲ್ಲಿ, ಲೈಮ್ ರೀಜಿಸ್ ಅಂತ ಒಂದು ಊರು. ಅಲ್ಲಿನ ಕಡಲ ದಂಡೆಯ ಬಂಡೆಗಳು ಸುಮಾರು 20 ಕೋಟಿ ವರ್ಷ ಹಳೆಯವು. ಮಳೆಗಾಳಿಗೆ ಕುಸಿದಾಗಲೆಲ್ಲ ಅವುಗಳಿಂದ ಪಳೆಯುಳಿಕೆ ಉದುರುತ್ತವೆ. 1799ರಲ್ಲಿ ಆ ಊರಿನ ಒಬ್ಬ ಬಡ ಬಡಗಿಯ ಮಗಳಾಗಿ ಹುಟ್ಟಿದವಳು ಮೇರಿ ಆ್ಯನಿಂಗ್. ಅಪ್ಪ 1810ರಲ್ಲಿ ಸಾಲ ಬಿಟ್ಟು ತೀರಿಕೊಂಡ. ಮಕ್ಕಳು ಪಳೆಯುಳಿಕೆ ಆಯ್ದು ಪ್ರವಾಸಿಗರಿಗೆ ಮಾರಿ ಮನೆ ನಡೆಸಿದರು. 1811ರಲ್ಲಿ ಅಣ್ಣ ಜೋಸೆಫ್‌ಗೆ ಒಂದು ದೊಡ್ಡ ತಲೆಬುರುಡೆ ಕಂಡಿತು, ಮರುವರ್ಷ ಉಳಿದ ಮೈಯನ್ನು ಮೇರಿ ಹುಡುಕಿ ತೆಗೆಸಿದಳು. ಅದು ಇಕ್ತಿಯೋಸಾರ್. ಆಗ ಅವಳಿಗೆ ಹನ್ನೆರಡೋ ಹದಿಮೂರೋ ವಯಸ್ಸು. 1823ರಲ್ಲಿ ಮೊದಲ ಪೂರ್ತಿ ಪ್ಲೀಸಿಯೋಸಾರ್ ತೆಗೆದಳು. ಅದರ ಕತ್ತು ಎಷ್ಟು ಉದ್ದವಿತ್ತೆಂದರೆ ಫ್ರಾನ್ಸಿನ ಮಹಾಪಂಡಿತ ಕ್ಯುವಿಯೇ ಇದು ಜೋಡಿಸಿದ ಮಾಲು ಇರಬೇಕು ಅಂತ ಅನುಮಾನ ಪಟ್ಟ, ಆಮೇಲೆ ಒಪ್ಪಿಕೊಂಡ. 1824ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಆ ಪ್ರಾಣಿಯ ಬಗ್ಗೆ ಭೂವಿಜ್ಞಾನಿ ವಿಲಿಯಂ ಕಾನಿಬೇರ್ ಭಾಷಣ ಮಾಡಿದಾಗ ಅದನ್ನು ತೆಗೆದವಳ ಹೆಸರು ಎತ್ತಲಿಲ್ಲ. ಹೆಂಗಸರಿಗೆ ಆ ಸಂಘದ ಸದಸ್ಯತ್ವ ಸಿಕ್ಕಿದ್ದು 1919ರಲ್ಲಿ, ಅಷ್ಟು ಹೊತ್ತಿಗೆ ಮೇರಿ ತೀರಿಕೊಂಡು 72 ವರ್ಷ ಆಗಿತ್ತು.

ಈಗ ಚಿತ್ರದ ಮಾತು. 1830ರ ಹೊತ್ತಿಗೆ ಮೇರಿಯ ವ್ಯಾಪಾರ ಕುಸಿದಿತ್ತು. ಅವಳ ಬಾಲ್ಯದ ಗೆಳೆಯ, ಭೂವಿಜ್ಞಾನಿ ಹೆನ್ರಿ ಡಿ ಲಾ ಬೀಚ್ ಒಂದು ಉಪಾಯ ಮಾಡಿದ. (ಈ ಮನುಷ್ಯನ ಮನೆತನದ ಹಣ ಜಮೈಕಾದ ಕಬ್ಬಿನ ತೋಟದಲ್ಲಿ ಗುಲಾಮರು ದುಡಿದದ್ದರಿಂದ ಬಂದದ್ದು. ಹೊಗಳುವಾಗ ಅದನ್ನೂ ಹೇಳಬೇಕು.) ಮೇರಿ ತೆಗೆದ ಪ್ರಾಣಿಗಳೆಲ್ಲ ಜೀವಂತ ಇದ್ದಾಗ ಡಾರ್ಸೆಟ್‌ನ ಕಡಲು ಹೇಗಿದ್ದೀತು ಅಂತ ಊಹಿಸಿ ಒಂದು ಜಲವರ್ಣ ಚಿತ್ರ ಬರೆದ. ಅದಕ್ಕೆ 'ಡ್ಯೂರಿಯಾ ಆ್ಯಂಟಿಕ್ವಿಯರ್' ಅಂತ ಲ್ಯಾಟಿನ್ ಹೆಸರಿಟ್ಟ. ಜಾರ್ಜ್ ಶಾರ್ಫ್ ಎಂಬ ಕಸುಬುದಾರ ಕಲಾವಿದ ಅದರ ಕಲ್ಲಚ್ಚು ಮಾಡಿಕೊಟ್ಟ. ಒಂದು ಪ್ರತಿಗೆ ಎರಡೂವರೆ ಪೌಂಡ್. ಗೆಳೆಯರಿಗೆ, ಪಂಡಿತರಿಗೆ ಮಾರಿ ಬಂದ ದುಡ್ಡು ಮೇರಿಗೆ. ಪಳೆಯುಳಿಕೆಗಳ ಆಧಾರದ ಮೇಲೆ ಹಳೆಯ ಕಾಲದ ಒಂದು ಇಡೀ ಜೀವಲೋಕವನ್ನು ತೋರಿಸಿದ ಮೊದಲ ಚಿತ್ರ ಅಂತ ಇದನ್ನು ಕರೆಯುತ್ತಾರೆ. ಮೂಲ ಈಗ ಕಾರ್ಡಿಫ್‌ನ ಮ್ಯೂಸಿಯಮ್ಮಿನಲ್ಲಿದೆ.

ಡ್ರಾಯಿಂಗ್ ಮೇಷ್ಟ್ರಾಗಿ ಹೇಳುತ್ತೇನೆ, ಆ ಚಿತ್ರ ಕಲೆಯ ಲೆಕ್ಕದಲ್ಲಿ ಅಂಥ ದೊಡ್ಡದೇನಲ್ಲ. ಇಕ್ಕಟ್ಟು. ಎಲ್ಲ ಮೂಲೆಯಲ್ಲೂ ಯಾರೋ ಯಾರನ್ನೋ ತಿನ್ನುತ್ತಿದ್ದಾರೆ. ನಡುವೆ ಗುಡ್ಡದಂಥ ಕಣ್ಣಿನ ಇಕ್ತಿಯೋಸಾರ್ ಒಂದು ಪ್ಲೀಸಿಯೋಸಾರ್‌ನ ಕತ್ತನ್ನು ಕಚ್ಚಿ ಹಿಡಿದಿದೆ, ಇನ್ನೊಂದು ಪ್ಲೀಸಿಯೋಸಾರ್ ನೀರಿಂದ ಕತ್ತು ಎತ್ತಿ ಹಾರುವ ಸರೀಸೃಪದ ರೆಕ್ಕೆ ಹಿಡಿದಿದೆ. ಹೆದರಿದ ಪ್ರಾಣಿಗಳ ಹಿಂಬದಿಯಿಂದ ಲದ್ದಿ ಬೀಳುತ್ತಿದೆ. ನಗಬೇಡಿ, ಅದಕ್ಕೂ ಆಧಾರ ಇದೆ! ಇಕ್ತಿಯೋಸಾರ್‌ಗಳ ಹೊಟ್ಟೆಯ ಜಾಗದಲ್ಲಿ ಸಿಗುತ್ತಿದ್ದ ವಿಚಿತ್ರ ಕಲ್ಲುಗಳನ್ನು ಮೇರಿ ಗಮನಿಸಿದ್ದಳು. ಒಡೆದು ನೋಡಿದರೆ ಒಳಗೆ ಮೀನಿನ ಮೂಳೆ, ಚಿಪ್ಪು. ಅವು ಕಲ್ಲಾದ ಲದ್ದಿ ಅಂತ ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ಆಗಷ್ಟೇ ಸಾರಿದ್ದ. ಡಿ ಲಾ ಬೀಚ್ ಅದನ್ನು ಚಿತ್ರದೊಳಗೆ ತಂದ. ಬಕ್‌ಲ್ಯಾಂಡ್ ಆ ಚಿತ್ರವನ್ನು ತನ್ನ ಪಾಠದಲ್ಲಿ ಬಳಸಿದ. ಇನ್ನೊಂದು ಸೊಗಸು ಏನೆಂದರೆ ನೀರನ್ನು ಅಡ್ಡಲಾಗಿ ಕೊಯ್ದು ಮೇಲೂ ಕೆಳಗೂ ಒಟ್ಟಿಗೆ ತೋರಿಸಿದ್ದಾನೆ. ಗಾಜಿನ ಅಕ್ವೇರಿಯಂ ಜನ ನೋಡುವುದಕ್ಕೆ ಲಂಡನ್ನಿನಲ್ಲಿ ತೆರೆದದ್ದು 1853ರಲ್ಲಿ. ಅದಕ್ಕಿಂತ 23 ವರ್ಷ ಮೊದಲೇ ಇವನಿಗೆ ಈ ಕೋನ ಹೊಳೆದಿತ್ತು. ಇವತ್ತು ನೀವು ಅಚ್ಚು ಹಾಕಿಸುವ ಪ್ರತಿ ಕಡಲ ಚಾರ್ಟೂ ಇದೇ ಕೋನದಲ್ಲಿದೆ.

ಅದೇ ಸುಮಾರಿಗೆ ಡಿ ಲಾ ಬೀಚ್ ಒಂದು ವ್ಯಂಗ್ಯಚಿತ್ರವನ್ನೂ ಬರೆದ. ಅದರಲ್ಲಿ ಕನ್ನಡಕ ಹಾಕಿದ ಇಕ್ತಿಯೋಸಾರ್ ಪ್ರೊಫೆಸರ್ ಮಿಕ್ಕ ಇಕ್ತಿಯೋಸಾರ್‌ಗಳಿಗೆ ಪಾಠ ಮಾಡುತ್ತಿದೆ, ಪಾಠದ ವಸ್ತು ಮನುಷ್ಯನ ತಲೆಬುರುಡೆ. ಈ ಪ್ರಾಣಿಗೆ ಹಲ್ಲು ಸಣ್ಣದು, ದವಡೆಯಲ್ಲಿ ಬಲ ಇಲ್ಲ, ಹೊಟ್ಟೆಗೆ ಏನು ಮಾಡಿಕೊಳ್ಳುತ್ತಿತ್ತೋ ಅಂತ ಅದಕ್ಕೆ ಆಶ್ಚರ್ಯ. ಎಂಟನೇ ಕ್ಲಾಸಿಗೆ ಇದನ್ನು ತೋರಿಸಿದರೆ ಆ ಪೀರಿಯಡ್ಡಿನಲ್ಲಿ ಬೇರೆ ಪಾಠ ನಡೆಯುವುದಿಲ್ಲ.

ಇನ್ನೊಂದು ಚಿತ್ರ ಇದೆ, ಚಿಕ್ಕದು. ಲೈಮ್ ರೀಜಿಸ್‌ನಲ್ಲಿ ಮೇರಿಗೆ ಆಸರೆಯಾಗಿದ್ದ ಎಲಿಜಬೆತ್ ಫಿಲ್ಪಾಟ್ ಎಂಬಾಕೆ 1833ರಲ್ಲಿ ಬಕ್‌ಲ್ಯಾಂಡನ ಹೆಂಡತಿಗೆ ಒಂದು ಕಾಗದ ಬರೆದಳು. ಅದರಲ್ಲಿ ಇಕ್ತಿಯೋಸಾರ್‌ನ ತಲೆಬುರುಡೆಯ ಚಿತ್ರ ಬಿಡಿಸಿದ್ದಳು. ಬಳಸಿದ ಶಾಯಿ ಯಾವುದು ಗೊತ್ತಾ? ಬೆಲೆಮ್ನೈಟ್ ಅಂತ ಒಂದು ಪ್ರಾಣಿ ಇತ್ತು, ನಮ್ಮ ಕರಾವಳಿಯವರು ಬೊಂಡಾಸ್ ಅಂತಾರಲ್ಲ, ಆ ಕಡೆಯದು. ಶತ್ರು ಬಂದರೆ ಶಾಯಿ ಕಾರಿ ಓಡುವಂಥದ್ದು. ಅದರ ಶಾಯಿಚೀಲ ಕೂಡ ಕಲ್ಲಿನೊಳಗೆ ಒಣಗಿ ಉಳಿದಿತ್ತು. ಅದನ್ನು ತೇಯ್ದು, ನೀರು ಹಾಕಿ ಕಲಸಿ ಬರೆದರು. ಅಂದರೆ ಆ ಇಕ್ತಿಯೋಸಾರ್‌ನ ಕಾಲದ ಶಾಯಿಯಲ್ಲೇ ಅದರ ಚಿತ್ರ! ಇಂಥದ್ದೊಂದು ಸಂಗತಿ ನಮ್ಮ ಮಕ್ಕಳ ಒಂದು ಪುಸ್ತಕದಲ್ಲೂ ನಾನು ನೋಡಿಲ್ಲ. ನೀವು ಹಾಕಿದರೆ ನನ್ನ ಅನುಮತಿ ಏನೂ ಬೇಕಿಲ್ಲ.

ಇದೆಲ್ಲ ನಡೆದ ಎರಡು ದಶಕದ ಮೇಲೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಇಟ್ಟಿಗೆ, ಕಬ್ಬಿಣ, ಸಿಮೆಂಟಿನಲ್ಲಿ ಅಳಿದ ಪ್ರಾಣಿಗಳನ್ನು ಅವುಗಳ ನಿಜ ಗಾತ್ರದಲ್ಲೇ ಕಟ್ಟಿ ನಿಲ್ಲಿಸಿದ. 1854ರಲ್ಲಿ ಜನಕ್ಕೆ ತೆರೆದರು. ಕೊಳದ ಪಕ್ಕ ಮೂರು ಇಕ್ತಿಯೋಸಾರ್, ಮೂರು ಪ್ಲೀಸಿಯೋಸಾರ್, ಒಂದು ಮೊಸಸಾರಸ್. ಇವತ್ತಿನ ಕಣ್ಣಿಗೆ ಅವುಗಳಲ್ಲಿ ತಪ್ಪು ಬೇಕಾದಷ್ಟಿವೆ. ಇಕ್ತಿಯೋಸಾರ್‌ಗಳು ಮೊಸಳೆ ಬಿಸಿಲು ಕಾಯುವ ಹಾಗೆ ಅರ್ಧ ದಂಡೆ ಹತ್ತಿವೆ, ಬೆನ್ನ ಮೇಲೆ ರೆಕ್ಕೆ ಇಲ್ಲ. ಕಣ್ಣಿನ ಒಳಗಿರಬೇಕಾದ ಮೂಳೆಯ ಬಳೆ ಹೊರಗೇ ಕಾಣುತ್ತದೆ. ಆದರೂ ನನಗೆ ಹಾಕಿನ್ಸ್ ಮೇಲೆ ಗೌರವ. ಮೊಸಸಾರಸ್‌ನ ಬಗ್ಗೆ ಆಗ ಚೆನ್ನಾಗಿ ಗೊತ್ತಿದ್ದದ್ದು ಹಾಲೆಂಡಿನ ಮಾಸ್ಟ್ರಿಕ್ಟ್‌ನ ಸುಣ್ಣಕಲ್ಲಿನ ಗಣಿಯಲ್ಲಿ ಸಿಕ್ಕ ತಲೆಬುರುಡೆ ಮಾತ್ರ. ಹಿಂಭಾಗ ಹೇಗಿತ್ತೋ ಗೊತ್ತಿರಲಿಲ್ಲ. ಅವನು ಏನು ಮಾಡಿದ? ಮುಂಭಾಗ ಮಾತ್ರ ಕಟ್ಟಿ, ಉಳಿದದ್ದು ನೀರಿನಲ್ಲಿದೆ ಅನ್ನುವ ಹಾಗೆ ಕೊಳದಲ್ಲಿಟ್ಟ. ಗೊತ್ತಿಲ್ಲದ್ದನ್ನು ಕಟ್ಟಲೇ ಇಲ್ಲ. ಶಾಲೆಗಳಿಗೆ ಅಂತ ಗೋಡೆಯ ಚಿತ್ರಗಳನ್ನೂ ಮಾಡಿದ ಮನುಷ್ಯ ಅವನು, ಅಂದರೆ ನಿಮ್ಮ ಧಂದೆಯ ಹಿರಿಯ. ಆ ಶಿಲ್ಪಗಳನ್ನು 2007ರಲ್ಲಿ ಬ್ರಿಟನ್ನಿನ ಅತಿ ಮುಖ್ಯ ಪಾರಂಪರಿಕ ಕಟ್ಟಡಗಳ ದರ್ಜೆಗೆ ಸೇರಿಸಿದ್ದಾರೆ. ತಪ್ಪಿದ್ದರೂ ಯಾಕೆ ಉಳಿಸಿಕೊಂಡಿದ್ದಾರೆ ಅಂದರೆ, 1854ರಲ್ಲಿ ಜನಕ್ಕೆ ಎಷ್ಟು ಗೊತ್ತಿತ್ತು ಅನ್ನುವುದಕ್ಕೆ ಅವು ಸಾಕ್ಷಿ. ನಿಮ್ಮ ಐದು ರೆಕ್ಕೆಯ ಪ್ಲೀಸಿಯೋಸಾರ್ ಯಾವ ಕಾಲದ ತಿಳಿವಳಿಕೆಗೂ ಸಾಕ್ಷಿ ಅಲ್ಲ. ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಇದು.

ಆಮೇಲೆ ಜರ್ಮನಿ. ಹೋಲ್ಟ್ಸ್‌ಮಾಡೆನ್ ಎಂಬ ಹಳ್ಳಿಯ ಕಪ್ಪು ಪದರಗಲ್ಲಿನಲ್ಲಿ ಸುಮಾರು 18 ಕೋಟಿ ವರ್ಷ ಹಳೆಯ ಇಕ್ತಿಯೋಸಾರ್‌ಗಳು ಸಿಗುತ್ತವೆ. 1892ರಲ್ಲಿ ಬರ್ನ್‌ಹಾರ್ಡ್ ಹೌಫ್ ಎಂಬಾತ ಅಲ್ಲಿನ ಒಂದು ಪಳೆಯುಳಿಕೆಯನ್ನು ಶುಚಿ ಮಾಡುವಾಗ ಮೂಳೆಯ ಸುತ್ತ ಮೈಯ ಅಂಚೇ ಕಪ್ಪಗೆ ಉಳಿದಿರುವುದು ಕಂಡಿತು. ಬೆನ್ನಿನ ಮೇಲೆ ತ್ರಿಕೋನದ ರೆಕ್ಕೆ. ಬಾಲಕ್ಕೆ ಅರ್ಧಚಂದ್ರದ ರೆಕ್ಕೆ, ಅದೂ ಮೀನಿನ ಹಾಗೆ ನೆಟ್ಟಗೆ ನಿಂತದ್ದು. ಬೆನ್ನುಮೂಳೆ ಬಾಲದ ಹತ್ತಿರ ಕೆಳಕ್ಕೆ ಬಾಗಿರುವುದು ಮುಂಚೆಯೇ ಗೊತ್ತಿತ್ತು, ಅದು ಮುರಿದದ್ದಲ್ಲ, ರೆಕ್ಕೆಯ ಕೆಳಗಿನ ತುದಿಗೆ ಆಸರೆ ಅಂತ ಆಗ ಖಚಿತವಾಯಿತು. ಅಲ್ಲಿಂದ ಮುಂದೆ ಎಲ್ಲ ಚಿತ್ರಗಳೂ ಬದಲಾದವು. ದಂಡೆ ಹತ್ತಿದ್ದ ಪ್ರಾಣಿ ಕಡಲಿಗೆ ವಾಪಸ್ ಇಳಿಯಿತು. ಹೊಟ್ಟೆಯೊಳಗೆ ಮರಿ ಇದ್ದ ತಾಯಂದಿರೂ ಅದೇ ಬಂಡೆಗಳಲ್ಲಿ ಸಿಕ್ಕಿವೆ. ಮೊಟ್ಟೆ ಇಡಲು ದಡಕ್ಕೆ ಬರುವ ಅಗತ್ಯ ಅದಕ್ಕಿರಲಿಲ್ಲ.

ಒಂದು ತಪ್ಪು ಚಿತ್ರ ಎಷ್ಟು ಗಟ್ಟಿ ಅನ್ನುವುದಕ್ಕೂ ಉದಾಹರಣೆ ಇದೆ. ಅಮೆರಿಕದ ಕಾನ್ಸಸ್‌ನಲ್ಲಿ ಸಿಕ್ಕ ಎಲಾಸ್ಮೊಸಾರಸ್ ಎಂಬ ಉದ್ದ ಕತ್ತಿನ ಪ್ಲೀಸಿಯೋಸಾರ್‌ಗೆ ಎಡ್ವರ್ಡ್ ಕೋಪ್ ಎಂಬ ವಿಜ್ಞಾನಿ ತಲೆಯನ್ನು ಬಾಲದ ತುದಿಗೆ ಜೋಡಿಸಿದ, ಹಾಗೇ ಚಿತ್ರವೂ ಬಂತು. 1870ರಲ್ಲಿ ಜೋಸೆಫ್ ಲೀಡಿ ಸರಿಮಾಡಿದ. ಆ ಕಥೆ ಎಲ್ಲರಿಗೂ ಗೊತ್ತು, ನಕ್ಕು ಮರೆತರು. ನನಗೆ ಜಾಸ್ತಿ ಕಾಡುವುದು ಮೊಸಸಾರ್‌ನ ಜೂಲಿನ ಕಥೆ. 1890ರ ದಶಕದ ಕೊನೆಯಲ್ಲಿ ಸ್ಯಾಮ್ಯುಯೆಲ್ ವಿಲಿಸ್ಟನ್ ಎಂಬ ಒಳ್ಳೆಯ ವಿಜ್ಞಾನಿ, ಒಂದು ಮೊಸಸಾರ್‌ನ ಶ್ವಾಸನಾಳದ ಉಂಗುರಗಳನ್ನು ನೋಡಿ, ಕತ್ತಿನ ಮೇಲೆ ಅಂಚು ಕಟ್ಟಿದಂಥ ಜೂಲು ಇತ್ತು ಅಂತ ಬರೆದ. 1902ರಲ್ಲಿ ಅವನೇ ಆ ಮಾತನ್ನು ವಾಪಸ್ ತೆಗೆದುಕೊಂಡ. ಅಷ್ಟರಲ್ಲಿ ಚಾರ್ಲ್ಸ್ ನೈಟ್ ಆ ಜೂಲು ಇಟ್ಟು ಟೈಲೋಸಾರಸ್ ಎಂಬ ಮೊಸಸಾರ್‌ನ ಚಿತ್ರ ಬರೆದಾಗಿತ್ತು. ನೈಟ್ ಸಾಮಾನ್ಯ ಕಲಾವಿದನಲ್ಲ. ಕಣ್ಣು ಬಹಳ ಮಂದವಿದ್ದರೂ ಝೂಗಳಲ್ಲಿ ಗಂಟೆಗಟ್ಟಲೆ ಕೂತು ಜೀವಂತ ಪ್ರಾಣಿಗಳನ್ನು ಬರೆದು ಅಭ್ಯಾಸ ಮಾಡಿದವನು. ಅವನ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಉಳಿದವರೆಲ್ಲ ನಕಲು ಮಾಡಿದರು. ವಿಲಿಸ್ಟನ್‌ನ ತಿದ್ದುಪಡಿ ಪತ್ರಿಕೆಯಲ್ಲೇ ಉಳಿಯಿತು, ಜೂಲು ಮಾತ್ರ ದಶಕಗಟ್ಟಲೆ ಪುಸ್ತಕದಿಂದ ಪುಸ್ತಕಕ್ಕೆ ಓಡಾಡಿತು. ನೀವು ಪಠ್ಯದ ಸಾಲನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಮಗುವಿನ ತಲೆಯಲ್ಲಿ ಕೂತ ಚಿತ್ರ ತಿದ್ದುವುದು ಕಷ್ಟ. 1999ರಲ್ಲಿ ಒಂದು ಪ್ರಸಿದ್ಧ ಟಿವಿ ಸರಣಿ ಲಿಯೋಪ್ಲೂರೊಡಾನ್ ಎಂಬ ಪ್ರಾಣಿಯನ್ನು 25 ಮೀಟರ್ ಉದ್ದ ಅಂತ ತೋರಿಸಿತು. ನಿಜವಾಗಿ ಅದು ಆರೇಳು ಮೀಟರಿನ ಆಸುಪಾಸು. ಇವತ್ತಿಗೂ ಮಕ್ಕಳು ನನಗೆ 25 ಅಂತಲೇ ವಾದ ಮಾಡುತ್ತಾರೆ.

ದೊಡ್ಡದು ಬೇಕು ಅಂದರೆ ನಿಜವಾದ ದೊಡ್ಡದೇ ಇದೆಯಲ್ಲ. ಇಂಗ್ಲೆಂಡಿನ ಸಾಮರ್ಸೆಟ್ ಕರಾವಳಿಯಲ್ಲಿ 2020ರಲ್ಲಿ 11 ವರ್ಷದ ಒಬ್ಬಳು ಹುಡುಗಿ ಅಪ್ಪನ ಜೊತೆ ಹೋಗಿ ಒಂದು ದವಡೆಯ ಮೂಳೆಯ ತುಂಡುಗಳನ್ನು ಹುಡುಕಿದಳು. ಆ ಒಂದು ಮೂಳೆಯೇ ಎರಡು ಮೀಟರಿಗಿಂತ ಉದ್ದ. ಅದೂ ಒಂದು ಇಕ್ತಿಯೋಸಾರ್. 2024ರಲ್ಲಿ ವಿಜ್ಞಾನಿಗಳು ಅದಕ್ಕೆ ಇಕ್ತಿಯೋಟೈಟನ್ ಅಂತ ಹೆಸರಿಟ್ಟು, ಪ್ರಾಣಿ ಸುಮಾರು 25 ಮೀಟರ್ ಇದ್ದಿರಬಹುದು ಅಂತ ಅಂದಾಜು ಹೇಳಿದರು. ಅಂದಾಜು ಅಂತ ಅವರೇ ಹೇಳಿದ್ದಾರೆ, ನೀವೂ ಹಾಗೇ ಹಾಕಿ. ಪಕ್ಕದಲ್ಲಿ ಒಂದು ಕೆಎಸ್‌ಆರ್‌ಟಿಸಿ ಬಸ್ಸಿನ ಗೆರೆಚಿತ್ರ ಹಾಕಿದರೆ ಯಾವ ಮಗುವಿಗೂ ಗಾತ್ರ ತಿಳಿಯುತ್ತದೆ.

ಖರ್ಚಿನ ಮಾತು ಬರುತ್ತದೆ ಅಂತ ಗೊತ್ತು. ಸಾರ್, ಕಲಾವಿದರಿಗೆ ಕೊಡುವಷ್ಟು ಬಜೆಟ್ ಎಲ್ಲಿದೆ, ಮಕ್ಕಳ ಪುಸ್ತಕ ಎಷ್ಟು ಮಾರುತ್ತದೆ ಅಂತ ನೀವು ಕೇಳುತ್ತೀರಿ. ಹೊಳೆಯುವ ಕಾಗದಕ್ಕೆ ಬಜೆಟ್ ಇತ್ತಲ್ಲ? ಅಕ್ಷರ ಜೋಡಿಸಿದವರಿಗೆ, ಅಚ್ಚು ಮಾಡಿದವರಿಗೆ, ಬೈಂಡ್ ಮಾಡಿದವರಿಗೆ ಕೊಟ್ಟಿದ್ದೀರಲ್ಲ? ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ದಾವಣಗೆರೆಯ ದೃಶ್ಯಕಲಾ ಕಾಲೇಜು, ಇಲ್ಲೆಲ್ಲ ಪ್ರತಿ ವರ್ಷ ಕಲಿತು ಹೊರಬರುವ ಹುಡುಗ ಹುಡುಗಿಯರು ಕೆಲಸ ಹುಡುಕುತ್ತಿದ್ದಾರೆ. ಅವರಲ್ಲಿ ಪ್ರಾಣಿಯ ಮೂಳೆ, ಮಾಂಸಖಂಡ ಗೊತ್ತಿದ್ದು ಬರೆಯುವವರು ಖಂಡಿತ ಸಿಗುತ್ತಾರೆ. ಒಂದು ಚಿತ್ರಕ್ಕೆ ಒಂದು ತಿಂಗಳು ಟೈಮ್ ಕೊಡಿ. ಕರಡನ್ನು ಪಳೆಯುಳಿಕೆ ಓದಿದ ಒಬ್ಬರಿಗೆ ತೋರಿಸಿ. ಯೂನಿವರ್ಸಿಟಿಗಳ ಭೂವಿಜ್ಞಾನ ವಿಭಾಗಕ್ಕೆ ಒಂದು ಮೇಲ್ ಹಾಕಿದರೆ ಅಲ್ಲಿ ಯಾರೋ ಒಬ್ಬರು ಖುಷಿಯಿಂದ ನೋಡಿಕೊಡುತ್ತಾರೆ. ಅಷ್ಟು ದುಬಾರಿ ಕೆಲಸ ಅಲ್ಲ ಇದು.

ವಿಜ್ಞಾನ ಹೇಗೂ ಬದಲಾಗುತ್ತಿರುತ್ತದೆ, ಇವತ್ತಿನ ಸರಿ ನಾಳೆ ತಪ್ಪು, ಮತ್ತೆ ಯಾಕೆ ಒದ್ದಾಟ ಅನ್ನುವ ವಾದವನ್ನೂ ಕೇಳಿದ್ದೇನೆ. ಬದಲಾಗುವುದು ನಿಜ. ಆದರೆ ಹಾಕಿನ್ಸ್‌ನ ತಪ್ಪಿಗೆ ಕಾರಣ ಆಗ ಆ ಮೂಳೆ ಸಿಕ್ಕಿರಲಿಲ್ಲ ಅನ್ನುವುದು. ನಿಮ್ಮ ತಪ್ಪಿಗೆ ಕಾರಣ ಯಾರೂ ನೋಡಲಿಲ್ಲ ಅನ್ನುವುದು.

ಈಗ ಕಛ್‌ಗೆ ಬರುತ್ತೇನೆ. ಭುಜ್ ಪಟ್ಟಣದ ಆಚೆ ಲೊಡಾಯ್ ಅಂತ ಒಂದು ಹಳ್ಳಿ. ಅಲ್ಲಿನ ಬಂಡೆಯಲ್ಲಿ ಸಿಕ್ಕ ಇಕ್ತಿಯೋಸಾರ್ ಬಗ್ಗೆ ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಜೊತೆಗಾರರು 2017ರಲ್ಲಿ ವರದಿ ಪ್ರಕಟಿಸಿದರು. ಸುಮಾರು 15.2 ಕೋಟಿ ವರ್ಷ ಹಳೆಯದು, ಜುರಾಸಿಕ್ ಕಾಲದ್ದು. ಉದ್ದ ಸುಮಾರು ಐದೂವರೆ ಮೀಟರ್. ಭಾರತದಲ್ಲಿ ಜುರಾಸಿಕ್ ಕಾಲದ ಇಕ್ತಿಯೋಸಾರ್ ಸಿಕ್ಕಿದ್ದು ಅದೇ ಮೊದಲು. ತಮಿಳುನಾಡಿನ ತಿರುಚಿನಾಪಳ್ಳಿ ಕಡೆ 19ನೇ ಶತಮಾನದಲ್ಲೇ ಬೆನ್ನುಮೂಳೆಯ ಮಣಿಗಳು ಸಿಕ್ಕಿದ್ದವು, ಆದರೆ ಅವು ಅದಕ್ಕಿಂತ ಈಚಿನ ಕಾಲದವು, ಬಿಡಿ ಮೂಳೆ ಅಷ್ಟೇ. ಇದು ಹಾಗಲ್ಲ, ಮೂಳೆಗಳು ಹೆಚ್ಚುಕಡಿಮೆ ಜೋಡಿಸಿದ ಹಾಗೇ ಮಲಗಿವೆ. ತಲೆಬುರುಡೆಯ ಕೆಲವು ಭಾಗ, ಬಾಲದ ಮೂಳೆ ಇಲ್ಲ. ಹಲ್ಲುಗಳು ಸವೆದಿವೆ, ಅಂದರೆ ಗಟ್ಟಿ ಪದಾರ್ಥ ಕಡಿದು ತಿನ್ನುತ್ತಿತ್ತು.

ನಮ್ಮ ಕರ್ನಾಟಕದಲ್ಲಿ ಇಂಥದ್ದು ಸಿಗಲಿಕ್ಕಿಲ್ಲವೇ ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಲಾಲ್‌ಬಾಗಿನ ಬಂಡೆ ಇದೆಯಲ್ಲ, ಅದಕ್ಕೆ ಸುಮಾರು 300 ಕೋಟಿ ವರ್ಷ. ಆಗ ಮೂಳೆ ಇರುವ ಪ್ರಾಣಿಯೇ ಹುಟ್ಟಿರಲಿಲ್ಲ. ನಮ್ಮ ಕಲ್ಲು ಅಷ್ಟು ಹಿರಿಯದು. ಆದ್ದರಿಂದ ಕಛ್ ನಮ್ಮ ಹತ್ತಿರದ್ದು ಅಂದುಕೊಳ್ಳೋಣ. ಇನ್ನೊಂದು ನಂಟೂ ಇದೆ. ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತದೆ, ಒಳಗೆ ಚಕ್ರದ ಗುರುತು. ಅದು ಅಮೋನೈಟ್ ಎಂಬ ಕಡಲ ಪ್ರಾಣಿಯ ಪಳೆಯುಳಿಕೆ, ನೇಪಾಳದ ಗಂಡಕಿ ನದಿಯಲ್ಲಿ ಸಿಗುವುದು, ಹೆಚ್ಚುಕಡಿಮೆ ಅದೇ ಕಾಲದ ಕಡಲಿನದು. ಲೊಡಾಯ್‌ನ ಇಕ್ತಿಯೋಸಾರ್ ಇದ್ದ ಬಂಡೆಯಲ್ಲೂ ಅಮೋನೈಟ್‌ಗಳು, ಬೆಲೆಮ್ನೈಟ್‌ಗಳು ಇವೆ. ಅಜ್ಜಿ ಪೂಜೆ ಮಾಡುವ ಕಲ್ಲಿನ ಬಳಗ ಜೀವಂತವಾಗಿ ಈಜುತ್ತಿರುವುದನ್ನು ಮಗು ಚಾರ್ಟಿನಲ್ಲಿ ನೋಡಲಿ. ಇದರಲ್ಲಿ ಯಾರ ಭಕ್ತಿಗೂ ತೊಂದರೆ ಇಲ್ಲ.

ಹಾಗಾದರೆ ಚಿತ್ರದಲ್ಲಿ ಏನಿರಬೇಕು? ಕಲಾವಿದರಿಗೆ ಬಿಟ್ಟದ್ದು, ಆದರೂ ಮೇಷ್ಟ್ರಲ್ವಾ, ಸುಮ್ಮನಿರಲು ಆಗುವುದಿಲ್ಲ. ಈ ಪ್ರಾಣಿ ಬಹುಶಃ ಆಫ್ತಾಲ್ಮೊಸಾರ್ ಬಳಗದ್ದು, ದೊಡ್ಡ ಕಣ್ಣಿಗೆ ಹೆಸರಾದ ಕುಟುಂಬ ಅದು. ಮೈ ಮೇಲೆ ಮೊಸಳೆಯ ಹುರುಪೆ ಹಾಕಬೇಡಿ. 2018ರಲ್ಲಿ ಹೋಲ್ಟ್ಸ್‌ಮಾಡೆನ್‌ನ ಒಂದು ಇಕ್ತಿಯೋಸಾರ್‌ನ ಚರ್ಮ ಪರೀಕ್ಷಿಸಿದಾಗ ಅದು ನುಣುಪಾಗಿತ್ತು, ಚರ್ಮದ ಕೆಳಗೆ ಕೊಬ್ಬಿನ ಪದರ ಇತ್ತು, ಬೆನ್ನು ಗಾಢ, ಹೊಟ್ಟೆ ತೆಳು ಬಣ್ಣ ಅಂತ ತಿಳಿಯಿತು. ಕಛ್‌ನದ್ದಕ್ಕೂ ಅದನ್ನೇ ಬಳಸಬಹುದು, ನೆಂಟನಿಂದ ಪಡೆದ ಊಹೆ ಅಂತ ಕೆಳಗೆ ಒಂದು ಸಾಲು ಬರೆದರೆ ಸಾಕು. ಬಾಲವೂ ಹಾಗೇ. ಪಕ್ಕದಲ್ಲಿ ಪ್ಲೀಸಿಯೋಸಾರ್ ಹಾಕುವುದಾದರೆ ಕತ್ತನ್ನು ಹಂಸದ ಹಾಗೆ ನೀರಿಂದ ಮೇಲೆ ಬಗ್ಗಿಸಬೇಡಿ, ಆ ಬೆನ್ನುಮೂಳೆಯ ಮಣಿಗಳು ಹಾಗೆ ಬಾಗುತ್ತಿರಲಿಲ್ಲ. ಅದರ ಚರ್ಮದ ಬಗ್ಗೆ 2025ರಲ್ಲಿ ಹೊಸ ಸುದ್ದಿ ಬಂದಿದೆ, ಬಾಲದ ಕಡೆ ನುಣುಪು, ಈಜುರೆಕ್ಕೆಯ ಮೇಲೆ ಸಣ್ಣ ಹುರುಪೆ ಅಂತ. ದಡ ತೋರಿಸಿದರೆ ತೆಂಗಿನ ಮರ, ಹುಲ್ಲು ಬೇಡ, ಅವಿನ್ನೂ ಬಂದಿರಲಿಲ್ಲ. ಜರೀಗಿಡ, ಸೈಕಾಡ್, ಸೂಚಿಪರ್ಣದ ಮರಗಳು ಸಾಕು. ಆಗ ಭಾರತ ಏಷ್ಯಾಕ್ಕೆ ಅಂಟಿರಲಿಲ್ಲ, ಭೂಮಧ್ಯರೇಖೆಯ ಕೆಳಗೆ ಮಡಗಾಸ್ಕರ್ ಜೊತೆ ಸೇರಿಕೊಂಡಿತ್ತು. ಮೂಲೆಯಲ್ಲಿ ಒಂದು ಪುಟ್ಟ ನಕ್ಷೆ ಹಾಕಿದರೆ ಸಮಾಜದ ಮೇಷ್ಟ್ರಿಗೂ ಉಪಯೋಗ. ಎಲ್ಲರೂ ಎಲ್ಲರನ್ನೂ ತಿನ್ನುವುದೂ ಬೇಡ. ಇಕ್ತಿಯೋಸಾರ್ ಉಸಿರು ತೆಗೆದುಕೊಳ್ಳಲು ಮೇಲೆ ಬರುತ್ತಿರುವುದನ್ನು ಬರೆಸಿ ನೋಡಿ. ಅದಕ್ಕೆ ಕಿವಿರು ಇರಲಿಲ್ಲ, ಗಾಳಿ ಬೇಕಿತ್ತು ಅನ್ನುವುದು ಆ ಒಂದು ಭಂಗಿಯಲ್ಲೇ ಗೊತ್ತಾಗುತ್ತದೆ.

ಕೆಳಗೆ ಪ್ರಾಣಿಯ ಹೆಸರು, ಊರು, ಕಾಲ, ಉದ್ದ. ಪಕ್ಕದಲ್ಲಿ ಕಲಾವಿದರ ಹೆಸರು, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ.

ಚಾರ್ಟು ಬಂದರೆ ನಮ್ಮ ಶಾಲೆಗೆ ಎರಡು ಪ್ರತಿ ಬೇಕು, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇವೆ. ಸಾಧ್ಯವಾದರೆ ಲ್ಯಾಮಿನೇಟ್ ಮಾಡಿಸಿ ಕಳಿಸಿ, ಮಳೆಗಾಲದಲ್ಲಿ ನಮ್ಮ ಎಂಟನೇ ಕ್ಲಾಸಿನ ಗೋಡೆ ತೇವ ಹಿಡಿಯುತ್ತದೆ.

ಇಂತಿ,
ಒಬ್ಬ ಡ್ರಾಯಿಂಗ್ ಮೇಷ್ಟ್ರು